ಸಿಡ್ನಿ ನಗರದ ಆಲಿಕೆಬಲೆ ಜೇಡ

ವಿಷಜಂತುವೆಂದೊಡನೆ ನಮ್ಮ ಮನಸ್ಸು ಅರಣ್ಯದತ್ತ ಹರಿಯುವುದು ಸಹಜ. ಆದರೆ ಜಗತ್ತಿನ ಅತ್ಯಂತ ಅಪಾಯಕಾರಿ ಜೇಡಗಳಲ್ಲೊಂದು ಆಸ್ಟ್ರೇಲಿಯದ ಮಹಾನಗರವಾದ ಸಿಡ್ನಿಯ ಹಿತ್ತಿಲುಗಳಲ್ಲಿಯೇ ನೆಲೆಸಿದೆ. ಶಾಸ್ತ್ರಜ್ಞರು ಇದನ್ನು ಅಟ್ರಾಕ್ಸ್ ರೋಬಸ್ಟಸ್ ಎಂದು ಕರೆಯುತ್ತಾರೆ.

ಕಲ್ಲು, ಮರದ ದಿಮ್ಮಿಗಳ ಅಡಿಯ ತೇವದ ನೆಲದಲ್ಲಿ ಬಿಲ ತೋಡಿ, ಒಳಗೆ ರೇಷ್ಮೆಯ ಪದರ ಹಾಸಿ, ಬಾಯಿಯ ಸುತ್ತ ಎಳೆಗಳನ್ನು ಹರಡಿ ಹೆಣ್ಣು ಜೇಡ ಕಾದು ಕೂರುತ್ತದೆ. ಎಳೆ ಅಲುಗಿದ ಕ್ಷಣವೇ ಜಿರಳೆ, ಜೀರುಂಡೆ ಅಥವಾ ಬಸವನಹುಳು ಅದರ ಆಹಾರ. ಇದೂ ಅನ್ಯರಿಗೆ ಆಹಾರವೇ: ನೀಲಿನಾಲಗೆಯ ಹಲ್ಲಿ, ಶತಪದಿ ಮೊದಲಾದವು ಇದನ್ನು ತಿನ್ನುತ್ತವೆ. ಹಿತ್ತಿಲಿನ ಕೀಟಗಳ ಸಂಖ್ಯೆಯನ್ನು ಸದ್ದಿಲ್ಲದೆ ಹಿಡಿತದಲ್ಲಿಡುವ ಈ ಜೀವಿಯ ಉಪಕಾರವನ್ನು ಭಯವು ಮರೆಸಿಬಿಡುತ್ತದೆ.

ಭಯಕ್ಕೆ ಕಾರಣವಿಲ್ಲದಿಲ್ಲ. 1927ರಿಂದ 1980ರವರೆಗೆ ಹದಿಮೂರು ಜನರ ಸಾವು ದಾಖಲಾಗಿದೆ. ವಿಷವು ನರಗಳ ಸೋಡಿಯಂ ದ್ವಾರಗಳನ್ನು ಮುಚ್ಚಗೊಡದೆ ನರಗಳು ಎಡೆಬಿಡದೆ ಉದ್ರೇಕಗೊಳ್ಳುವಂತೆ ಮಾಡುತ್ತದೆ. ಕೌತುಕವೆಂದರೆ, ಮನುಷ್ಯನಿಗೂ ಕೋತಿಗಳಿಗೂ ಮಾರಕವಾದ ಇದು ನಾಯಿ, ಬೆಕ್ಕು, ಮೊಲಗಳನ್ನು ಅಷ್ಟಾಗಿ ಬಾಧಿಸದು. ಮನುಷ್ಯನು ಕಾಲಿಡುವವರೆಗೆ ಆ ಭೂಖಂಡದಲ್ಲಿ ವಾನರವರ್ಗದ ಪ್ರಾಣಿಯೇ ಇರಲಿಲ್ಲ. ಎಂದಮೇಲೆ ಈ ವಿಷ ನಮಗಾಗಿ ರೂಪುಗೊಂಡದ್ದಲ್ಲ! ಹೆಣ್ಣನ್ನರಸಿ ಬೇಸಗೆಯ ರಾತ್ರಿಗಳಲ್ಲಿ ಬಿಲ ಬಿಟ್ಟು ಅಲೆಯುವ ಗಂಡಿಗೆ ಶತ್ರುಗಳಿಂದ ಆತ್ಮರಕ್ಷಣೆ ಅಗತ್ಯ. ಗಂಡಿನ ವಿಷ ಹೆಚ್ಚು ತೀಕ್ಷ್ಣವಾಗಿರುವುದಕ್ಕೆ ಸಂಶೋಧಕರು ಕೊಡುವ ಕಾರಣವಿದು. ಮನೆಯೊಳಕ್ಕೆ ದಾರಿತಪ್ಪಿ ಬರುವುದೂ ಸಾಮಾನ್ಯವಾಗಿ ಗಂಡೇ.

ಡಾ. ಸ್ಟ್ರುವಾನ್ ಸದರ್ಲೆಂಡ್ ಅವರ ತಂಡವು ಮೆಲ್ಬೋರ್ನ್‌ನ ಕಾಮನ್‌ವೆಲ್ತ್ ಸೀರಂ ಪ್ರಯೋಗಾಲಯದಲ್ಲಿ ಪ್ರತಿವಿಷವನ್ನು ಸಿದ್ಧಪಡಿಸಿತು. 1981ರಲ್ಲಿ ಅದು ಬಳಕೆಗೆ ಬಂದಿತು. ಈ ವಿಷವನ್ನು ತಾಳಿಕೊಳ್ಳುವ ಮೊಲದ ರಕ್ತದಿಂದಲೇ ಅದನ್ನು ಪಡೆಯುತ್ತಾರೆ. ಅಂದಿನಿಂದ ಈ ಜೇಡದ ಕಡಿತದಿಂದ ಸಾವು ದಾಖಲಾಗಿಲ್ಲ. ಕಡಿದ ಅಂಗಕ್ಕೆ ಉದ್ದಕ್ಕೂ ಬಿಗಿಯಾಗಿ ಪಟ್ಟಿ ಸುತ್ತಿ, ದಬ್ಬೆ ಕಟ್ಟಿ, ರೋಗಿಯನ್ನು ಅಲುಗಾಡಗೊಡದೆ ಆಸ್ಪತ್ರೆಗೆ ಒಯ್ಯುವ ಪ್ರಥಮ ಚಿಕಿತ್ಸೆಯೂ ಸದರ್ಲೆಂಡರ ಕೊಡುಗೆಯೇ.

ಪ್ರತಿವಿಷಕ್ಕೆ ವಿಷ ಬೇಕು, ವಿಷಕ್ಕೆ ಜೀವಂತ ಜೇಡ ಬೇಕು. ಆದ್ದರಿಂದ ನಾಗರಿಕರು ಎಚ್ಚರಿಕೆಯಿಂದ ಸೀಸೆಯಲ್ಲಿ ಹಿಡಿದು ತಂದೊಪ್ಪಿಸುವ ಜೇಡಗಳನ್ನು ಸಿಡ್ನಿಯ ಉತ್ತರಕ್ಕಿರುವ ಆಸ್ಟ್ರೇಲಿಯನ್ ರೆಪ್ಟೈಲ್ ಪಾರ್ಕ್ ಸಾಕುತ್ತದೆ. ಗಂಡು ಜೇಡವನ್ನು ಕೆಣಕಿದಾಗ ವಿಷದಂತದ ತುದಿಯಲ್ಲಿ ಹನಿಯೊಡೆಯುವ ವಿಷವನ್ನು ಅಲ್ಲಿನ ಸಿಬ್ಬಂದಿ ಸಣ್ಣ ಗಾಜಿನ ನಳಿಕೆಯಿಂದ ಹೀರಿ ತೆಗೆಯುತ್ತಾರೆ.