ಮಸಾಯಿ ಮಾರಾಕ್ಕೆ ಹೊರಟಿರಾ? ಕೆನ್ಯಾದ ಇ-ಟಿಎ ಅರ್ಜಿ ನೀವೇ ತುಂಬಿ

ಬಂಡೀಪುರ, ನಾಗರಹೊಳೆ, ಕಬಿನಿ ಸುತ್ತಿ ಮುಗಿಸಿದ ನಮ್ಮ ಕ್ಯಾಮೆರಾ ಬಳಗದವರನ್ನು ‘ಮುಂದೆ ಎಲ್ಲಿಗೆ’ ಎಂದು ಕೇಳಿದರೆ ಬಹಳಷ್ಟು ಮಂದಿ ಹೇಳುವುದು ಮಸಾಯಿ ಮಾರಾದ ಹೆಸರು. ಜುಲೈನಿಂದ ಅಕ್ಟೋಬರ್‌ವರೆಗೆ ವೈಲ್ಡ್‌ಬೀಸ್ಟ್ ಹಿಂಡುಗಳು ಮಾರಾ ನದಿ ದಾಟುವ ಕಾಲಕ್ಕೆ ಬೆಂಗಳೂರು, ಮೈಸೂರಿನಿಂದ ತಂಡ ಕಟ್ಟಿಕೊಂಡು ಹೋಗುವವರಿದ್ದಾರೆ. ಯಾವ ಲೆನ್ಸ್, ಯಾವ ಕ್ಯಾಂಪ್ ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುವ ಇವರಲ್ಲಿ ಅನೇಕರು ಪ್ರವೇಶದ ಅನುಮತಿಯನ್ನು ಮಾತ್ರ ಕೊನೆಯ ವಾರಕ್ಕೆ ತಳ್ಳುತ್ತಾರೆ. ಇಲ್ಲವೇ ಏಜೆಂಟರ ಕೈಗೆ ಪಾಸ್‌ಪೋರ್ಟ್ ಪ್ರತಿ ಕೊಟ್ಟು ನಿಶ್ಚಿಂತರಾಗುತ್ತಾರೆ. ಮನೆಯಲ್ಲೇ ಕೂತು ಒಂದು ಸಂಜೆಯಲ್ಲಿ ಮುಗಿಸಬಹುದಾದ ಕೆಲಸ ಇದು. ಮಾಡುವ ಅನುಕ್ರಮ ಗೊತ್ತಿದ್ದರೆ ಸಾಕು.

2023ರ ಡಿಸೆಂಬರ್ 12ರಂದು, ತಮ್ಮ ದೇಶದ ಜಮ್ಹೂರಿ ದಿನದ ಭಾಷಣದಲ್ಲಿ, ಕೆನ್ಯಾ ಅಧ್ಯಕ್ಷ ವಿಲಿಯಂ ರೂಟೊ ಜನವರಿಯಿಂದ ಯಾವ ದೇಶದವರಿಗೂ ವೀಸಾ ಬೇಕಿಲ್ಲ ಎಂದು ಘೋಷಿಸಿದರು. 2024ರ ಜನವರಿಯಲ್ಲಿ ವೀಸಾ ಹೋಯಿತು, ಅದರ ಜಾಗಕ್ಕೆ ಇ-ಟಿಎ, ಅಂದರೆ ವಿದ್ಯುನ್ಮಾನ ಪ್ರಯಾಣ ಅನುಮತಿ ಬಂತು. ಹಾಗಾಗಿ ‘ಕೆನ್ಯಾಗೆ ವೀಸಾ ಬೇಡ’ ಎಂಬ ವಾಟ್ಸ್ಆ್ಯಪ್ ಸಂದೇಶ ನಿಜವೇ ಆದರೂ ಅದನ್ನು ನಂಬಿ ಬರಿಗೈಯಲ್ಲಿ ವಿಮಾನ ನಿಲ್ದಾಣಕ್ಕೆ ಹೋದರೆ ಚೆಕ್-ಇನ್ ಕೌಂಟರಿನಿಂದಲೇ ವಾಪಸ್ಸು. ಇ-ಟಿಎ ಮಂಜೂರಾಗಿದೆಯೇ ಎಂದು ಮೊದಲು ನೋಡುವುದು ವಿಮಾನ ಕಂಪನಿಯವರು. ನೈರೋಬಿಗೆ ಹೋಗಿ ಇಳಿದ ಮೇಲೆ ಮಾಡಿಸಿಕೊಳ್ಳೋಣ ಎನ್ನುವ ದಾರಿ ಇಲ್ಲ. ನೈರೋಬಿಯಲ್ಲಿ ವಿಮಾನ ಬದಲಿಸಿ, ನಿಲ್ದಾಣದಿಂದ ಹೊರಗೆ ಬಾರದೆ ಮುಂದೆ ಹೋಗುವವರಿಗೆ ಇದು ಬೇಕಿಲ್ಲ. ಅಮೆರಿಕದ ಪಾಸ್‌ಪೋರ್ಟ್ ಹೊಂದಿದ ಮಗಳು, ಅಳಿಯ ನಿಮ್ಮೊಂದಿಗೆ ಬರುತ್ತಿದ್ದರೆ ಅವರಿಗೂ ಬೇಕು. ಮಡಿಲ ಕೂಸಿಗೂ ಪ್ರತ್ಯೇಕ ಅರ್ಜಿಯೇ.

ಅರ್ಜಿಗಿಂತ ಮೊದಲು ಚುಚ್ಚುಮದ್ದು

ಇ-ಟಿಎ ಕುರಿತು ಬರೆಯಲು ಹೊರಟು ಚುಚ್ಚುಮದ್ದಿನ ಮಾತೇಕೆ ಎನ್ನಬೇಡಿ. ಇಡೀ ಪ್ರವಾಸದಲ್ಲಿ ಜನ ಎಡವುವುದು ಇಲ್ಲೇ. ಕೆನ್ಯಾ ಹಳದಿ ಜ್ವರ ಇರುವ ದೇಶಗಳ ಪಟ್ಟಿಯಲ್ಲಿದೆ. ಭಾರತದಿಂದ ನೇರವಾಗಿ ಹೋದರೆ ಕೆನ್ಯಾದವರು ಲಸಿಕೆಯ ಪ್ರಮಾಣಪತ್ರ ಕೇಳದೆ ಇರಬಹುದು. ಆದರೆ ಮರಳಿ ಬರುವಾಗ ನಮ್ಮವರೇ ಕೇಳುತ್ತಾರೆ. ಆ ಹಳದಿ ಕಾರ್ಡು ಇಲ್ಲದವರನ್ನು ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸುವ ಅಧಿಕಾರ ಭಾರತದ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗಳಿಗಿದೆ.

ಲಸಿಕೆ ಹಾಕಿಸಿಕೊಂಡ ಹತ್ತು ದಿನದ ನಂತರವೇ ಪ್ರಮಾಣಪತ್ರಕ್ಕೆ ಬೆಲೆ. ಯಾವ ಆಸ್ಪತ್ರೆಯಲ್ಲಾದರೂ ಹಾಕಿಸಿಕೊಂಡರೆ ನಡೆಯದು. ಕೇಂದ್ರ ಆರೋಗ್ಯ ಸಚಿವಾಲಯ ಗುರುತಿಸಿದ ಕೇಂದ್ರಗಳಲ್ಲೇ ಆಗಬೇಕು. ಅಲ್ಲಿ ವಾರದ ಕೆಲವು ದಿನ ಮಾತ್ರ ಲಸಿಕೆ ಕೊಡುವುದುಂಟು, ಮೊದಲೇ ದಿನ ಗೊತ್ತು ಮಾಡಿಕೊಳ್ಳಬೇಕಾಗುತ್ತದೆ. ಆದ್ದರಿಂದ ಹೊರಡುವ ದಿನಕ್ಕೆ ಒಂದೂವರೆ ತಿಂಗಳು ಇರುವಾಗಲೇ ವಿಚಾರಿಸಿ. ಹೋಗುವಾಗ ಮೂಲ ಪಾಸ್‌ಪೋರ್ಟ್ ಕೈಯಲ್ಲಿರಲಿ, ಕಾರ್ಡಿನ ಮೇಲೆ ಅದರ ಸಂಖ್ಯೆ ಬರೆಯುತ್ತಾರೆ. ಮೊಟ್ಟೆಯ ಅಲರ್ಜಿ ಇದ್ದವರು, ಗರ್ಭಿಣಿಯರು, ಅರವತ್ತು ದಾಟಿದವರು ತಮ್ಮ ವೈದ್ಯರನ್ನು ಕೇಳದೆ ಹಾಕಿಸಿಕೊಳ್ಳಬಾರದು. ಒಂಬತ್ತು ತಿಂಗಳೊಳಗಿನ ಮಕ್ಕಳಿಗೆ ಇದನ್ನು ಕೊಡುವುದಿಲ್ಲ. ಒಮ್ಮೆ ಹಾಕಿಸಿಕೊಂಡರೆ ಜೀವನಪರ್ಯಂತ ಸಾಕು ಎಂಬ ನಿಯಮ 2016ರಿಂದ ಜಾರಿಯಲ್ಲಿದೆ. ಹಿಂದೆ ಆಫ್ರಿಕಾಕ್ಕೆ ಹೋಗಿಬಂದವರು ಹಳೆಯ ಕಾರ್ಡು ಹುಡುಕಿ ತೆಗೆದರೆ ಈ ಓಡಾಟವೇ ಉಳಿಯಿತು.

ಅಸಲಿ ಜಾಲತಾಣ ಯಾವುದು?

ಗೂಗಲ್‌ನಲ್ಲಿ ಹುಡುಕಿದರೆ ಕೆನ್ಯಾದ ಬಾವುಟ, ಸಿಂಹದ ಚಿತ್ರ ಹಾಕಿಕೊಂಡ ತಾಣಗಳು ಸಾಲುಗಟ್ಟಿ ಬರುತ್ತವೆ. ಮೇಲ್ಗಡೆ ಬರುವವುಗಳಲ್ಲಿ ಕೆಲವು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. ಇವೆಲ್ಲ ಮೋಸದ ತಾಣಗಳೇನಲ್ಲ. ನೀವು ಕೊಟ್ಟ ವಿವರವನ್ನೇ ಸರ್ಕಾರಿ ತಾಣದಲ್ಲಿ ತುಂಬಿ, ನಡುವೆ ತಮ್ಮ ‘ಸೇವಾ ಶುಲ್ಕ’ ಸೇರಿಸುತ್ತವೆ ಅಷ್ಟೆ. ಆದರೆ ಪಾಸ್‌ಪೋರ್ಟಿನ ಪುಟ, ಮುಖದ ಚಿತ್ರ, ಕಾರ್ಡಿನ ವಿವರ ಮೂರನ್ನೂ ಗುರುತಿಲ್ಲದವರ ಕೈಗೆ ಕೊಟ್ಟು ಮೇಲೆ ದುಡ್ಡು ತೆರುವುದರಲ್ಲಿ ಯಾವ ಜಾಣತನವೂ ಕಾಣುವುದಿಲ್ಲ.

ಸರ್ಕಾರಿ ತಾಣದ ವಿಳಾಸ ‘ಇಟಿಎಕೆನ್ಯಾ’, ನಂತರ ಡಾಟ್ ‘ಜಿಒ’, ಕೊನೆಗೆ ಡಾಟ್ ‘ಕೆಇ’. ಆ ಕೊನೆಯ ಎರಡು ತುಂಡುಗಳನ್ನು ಗಮನಿಸಿ. ಕೆನ್ಯಾ ಸರ್ಕಾರದ ತಾಣಗಳು ಹೀಗೇ ಕೊನೆಯಾಗುತ್ತವೆ. ವಿಳಾಸ ‘ಡಾಟ್ ಕಾಮ್’, ‘ಡಾಟ್ ಆರ್ಗ್’ ಎಂದು ಮುಗಿದರೆ ಅಲ್ಲಿಂದ ಹೊರಬನ್ನಿ. ಹುಡುಕುವ ಗೋಜೇ ಬೇಡ, ವಿಳಾಸವನ್ನು ನೀವೇ ಟೈಪ್ ಮಾಡಿ.

ಶುಲ್ಕ 30 ಡಾಲರ್. ಕಾರ್ಡಿನ ವೆಚ್ಚ ಸೇರಿ ಪಾವತಿ ಪುಟದಲ್ಲಿ ತುಸು ಹೆಚ್ಚು ಕಾಣಿಸಬಹುದು. ಅರ್ಜಿ ತಿರಸ್ಕೃತವಾದರೂ ಈ ಹಣ ಮರಳಿ ಬರುವುದಿಲ್ಲ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ಕೆನ್ಯಾ ತಲುಪುವ ದಿನದಿಂದ ಕನಿಷ್ಠ ಆರು ತಿಂಗಳು ಬಾಕಿ ಇರುವ, ಒಂದಾದರೂ ಖಾಲಿ ಪುಟವಿರುವ ಪಾಸ್‌ಪೋರ್ಟ್. ಹೋಗಿಬರುವ ಎರಡೂ ಟಿಕೆಟ್. ತಂಗುವ ಜಾಗದ ಬುಕಿಂಗ್ ಪತ್ರ. ಸಫಾರಿ ಕಂಪನಿಯ ಮೂಲಕ ಹೋಗುವವರು ದಿನವಾರು ಕಾರ್ಯಕ್ರಮ ಮತ್ತು ಕ್ಯಾಂಪಿನ ವೋಚರ್ ತರಿಸಿಕೊಳ್ಳಿ. ಮಾರಾದ ಕ್ಯಾಂಪಿನ ಪತ್ರ ಇಟ್ಟುಕೊಂಡು ನೈರೋಬಿಯ ಮೊದಲ ರಾತ್ರಿಯ ಹೋಟೆಲನ್ನು ಮರೆಯುವವರೇ ಜಾಸ್ತಿ, ಅದನ್ನೂ ಸೇರಿಸಿ.

ಪಾಸ್‌ಪೋರ್ಟಿನ ಫೋಟೊ ಪುಟವನ್ನು ಮೊಬೈಲಿನಲ್ಲಿ ತೆಗೆಯುವಾಗ ಫ್ಲ್ಯಾಶ್ ಆರಿಸಿ. ಆ ಪುಟದ ಮೇಲಿನ ಹೊಳಪಿನ ಹಾಳೆಗೆ ಬೆಳಕು ಬಡಿದರೆ ಅಕ್ಷರ ಮಾಸುತ್ತದೆ. ಹಗಲು ಹೊತ್ತು ಕಿಟಕಿಯ ಪಕ್ಕ ಮೇಜಿನ ಮೇಲಿಟ್ಟು, ನಾಲ್ಕೂ ಮೂಲೆ ಕಾಣುವಂತೆ ತೆಗೆಯಿರಿ. ಪುಟದ ಅಡಿಯಲ್ಲಿ ಬಾಣದ ಗುರುತುಗಳಿರುವ ಎರಡು ಸಾಲು ಇವೆಯಲ್ಲ, ಯಂತ್ರ ಓದುವುದು ಅವನ್ನೇ. ಅವು ಕತ್ತರಿಸಿ ಹೋಗಬಾರದು. ನಿಮ್ಮ ಮುಖದ ಚಿತ್ರ ಸಾದಾ ಗೋಡೆಯ ಮುಂದೆ, ಟೋಪಿ ಮತ್ತು ತಂಪುಕನ್ನಡಕ ಇಲ್ಲದೆ ಇರಲಿ.

ಹೆಸರಿನ ಸಮಸ್ಯೆ

ಅರ್ಜಿ ತೆರೆದ ಕೂಡಲೇ ಕನ್ನಡಿಗರನ್ನು ಕಾಡುವ ಕಲಂ ‘ಸರ್‌ನೇಮ್’. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ ಆಗಿ ಮುಂದೆ ನಿಂತು, ಕೊನೆಗೆ ಸ್ವಂತ ಹೆಸರು ಬರುವುದು ರೂಢಿ. ಪಾಸ್‌ಪೋರ್ಟ್ ಮಾಡಿಸುವಾಗ ಕೆಲವರು ಇನಿಷಿಯಲ್ ಬಿಡಿಸಿ ಬರೆಸಿರುತ್ತಾರೆ, ಕೆಲವರು ಅಪ್ಪನ ಹೆಸರನ್ನು ಸರ್‌ನೇಮ್ ಮಾಡಿರುತ್ತಾರೆ, ಇನ್ನು ಕೆಲವರು ಆ ಕಲಂ ಅನ್ನು ಖಾಲಿ ಬಿಟ್ಟಿರುತ್ತಾರೆ. ಒಂದೇ ಮನೆಯಲ್ಲಿ ಅಣ್ಣನದು ಒಂದು ರೀತಿ, ತಮ್ಮನದು ಇನ್ನೊಂದು ರೀತಿ ಇರುವುದೂ ಉಂಟು.

ಆಧಾರ್‌ನಲ್ಲಿ, ಪ್ಯಾನ್‌ನಲ್ಲಿ ಏನಿದೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಪಾಸ್‌ಪೋರ್ಟಿನಲ್ಲಿ ಯಾವ ಕಲಮಿನಲ್ಲಿ ಯಾವ ಹೆಸರಿದೆಯೋ ಅದನ್ನೇ, ಅದೇ ಸ್ಪೆಲ್ಲಿಂಗಿನಲ್ಲಿ, ಅರ್ಜಿಯ ಅದೇ ಕಲಮಿಗೆ ತುಂಬಬೇಕು. ಮಂಜುನಾಥನ ಕೊನೆಗೆ ಇಂಗ್ಲಿಷಿನ ‘ಎ’ ಇದೆಯೋ ಇಲ್ಲವೋ ನೋಡಿ. ಸರ್‌ನೇಮ್ ಖಾಲಿ ಇರುವವರು ವಿಮಾನದ ಟಿಕೆಟಿನಲ್ಲಿ ಹೆಸರು ಹೇಗೆ ಬಂದಿದೆ ಎಂಬುದನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಫಾರ್ಮು ಆ ಕಲಂ ಖಾಲಿ ಬಿಡಲು ಒಪ್ಪದಿದ್ದರೆ ಊಹೆಯಿಂದ ಏನನ್ನೋ ತುಂಬುವ ಬದಲು ತಾಣದ ಸಹಾಯ ವಿಭಾಗಕ್ಕೆ ಬರೆದು ಕೇಳುವುದು ಲೇಸು. ಹೋಗುವ ದಾರಿಯಲ್ಲಿ ದುಬೈಯಲ್ಲಿ ಇಳಿದು ಎರಡು ದಿನ ಸುತ್ತಾಡುವ ಯೋಚನೆ ಇದ್ದರೆ ಇನ್ನೊಂದು ಎಚ್ಚರಿಕೆ: ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ಯುಎಇ 2022ರ ನವೆಂಬರ್‌ನಿಂದ ಪ್ರವಾಸಿ ವೀಸಾ ಕೊಡುವುದನ್ನು ನಿಲ್ಲಿಸಿದೆ.

ಪಾಸ್‌ಪೋರ್ಟ್ ಸಂಖ್ಯೆಯಲ್ಲೂ ಒಂದು ಸಣ್ಣ ಗುಂಡಿಯಿದೆ. ನಮ್ಮ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ಮೊದಲು ಒಂದು ಅಕ್ಷರ, ಆಮೇಲೆ ಏಳು ಅಂಕಿ. ಹಾಗಾಗಿ ನಡುವೆ ಕಾಣುವ ದುಂಡಗಿನದು ಸೊನ್ನೆಯೇ, ‘ಒ’ ಅಕ್ಷರವಲ್ಲ. ಇಲ್ಲಿ ಒಂದು ಅಕ್ಷರ ತಪ್ಪಿದರೂ ಆ ಅನುಮತಿ ನಿಮ್ಮ ಪಾಸ್‌ಪೋರ್ಟಿನದ್ದಲ್ಲ ಎಂದೇ ಅರ್ಥ, ಹೊಸದಾಗಿ ಅರ್ಜಿ ಹಾಕಿ ಮತ್ತೆ ದುಡ್ಡು ಕಟ್ಟಬೇಕಾದೀತು.

ತುಂಬುವುದು, ಕಟ್ಟುವುದು, ಕಾಯುವುದು

ಉಳಿದದ್ದು ಸುಲಭ. ಪಾಸ್‌ಪೋರ್ಟ್ ಪುಟ ಮತ್ತು ಮುಖದ ಚಿತ್ರ ಏರಿಸಿ. ತಾಣವು ಪಾಸ್‌ಪೋರ್ಟಿನಿಂದ ತಾನೇ ಓದಿ ತುಂಬಿದ ವಿವರವಿದ್ದರೆ ಅದನ್ನು ನಂಬಿ ಮುಂದೆ ಹೋಗದೆ ಒಂದೊಂದನ್ನೂ ತಾಳೆ ನೋಡಿ. ಇಮೇಲ್, ಫೋನ್, ಉದ್ಯೋಗ, ಹೋಗುವ ಬರುವ ದಿನಾಂಕ, ವಿಮಾನದ ಸಂಖ್ಯೆ, ತಂಗುವ ಜಾಗ ಬರೆಯಿರಿ. ಉದ್ದೇಶದ ಕಲಮಿನಲ್ಲಿ ಪ್ರವಾಸ ಎಂದೇ ಆರಿಸಿ. ಇಮೇಲ್ ನಿಮ್ಮದೇ ಇರಲಿ, ಏಕೆಂದರೆ ಅನುಮತಿ ಪತ್ರ, ಹೆಚ್ಚುವರಿ ದಾಖಲೆ ಕೇಳುವ ಸಂದೇಶ ಎಲ್ಲವೂ ಬರುವುದು ಅಲ್ಲಿಗೇ.

ಹಣ ಕಟ್ಟುವಾಗ ಕಾರ್ಡು ನಿರಾಕರಿಸಿತೆಂದು ಗಾಬರಿಯಾಗಬೇಡಿ. ರಿಸರ್ವ್ ಬ್ಯಾಂಕ್ ನಿಯಮದಂತೆ ನಮ್ಮ ಹೊಸ ಕಾರ್ಡುಗಳು ದೇಶದೊಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ. ಬ್ಯಾಂಕಿನ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಆನ್‌ಲೈನ್ ವ್ಯವಹಾರವನ್ನು ಆನ್ ಮಾಡಿ, ಹಣ ಕಟ್ಟಿದ ಮೇಲೆ ಮರೆಯದೆ ಆಫ್ ಮಾಡಿ. ಪಾವತಿಯ ನಂತರ ಬರುವ ಉಲ್ಲೇಖ ಸಂಖ್ಯೆಯನ್ನು ಬರೆದಿಟ್ಟುಕೊಂಡರೆ ಅರ್ಜಿ ಎಲ್ಲಿಗೆ ಬಂತೆಂದು ತಾಣದಲ್ಲೇ ನೋಡಬಹುದು.

ಸಾಮಾನ್ಯವಾಗಿ ಮೂರು ದಿನದಲ್ಲಿ ಉತ್ತರ ಬರುತ್ತದೆ. ಆದರೂ ಎರಡು ವಾರ ಮೊದಲೇ ಹಾಕುವುದು ಕ್ಷೇಮ, ದಾಖಲೆ ಮತ್ತೆ ಕೇಳಿದರೆ ಸಮಯ ಸಿಗುತ್ತದೆ. ಹಾಗೆಂದು ಆರು ತಿಂಗಳು ಮುಂಚೆ ಹಾಕಲೂ ಆಗದು. ಪ್ರಯಾಣಕ್ಕೆ ಮೂರು ತಿಂಗಳು ಉಳಿದಿರುವಾಗಿನಿಂದ ಅರ್ಜಿ ಹಾಕಬಹುದು. ಸಿಕ್ಕ ಅನುಮತಿಯನ್ನು 90 ದಿನದೊಳಗೆ ಬಳಸಬೇಕು, ಒಂದು ಪ್ರವೇಶಕ್ಕೆ ಮಾತ್ರ. ಪತ್ರವನ್ನು ಮೊಬೈಲಿನಲ್ಲಿಟ್ಟುಕೊಂಡರೂ ಎರಡು ಪ್ರತಿ ಮುದ್ರಿಸಿಕೊಳ್ಳಿ. ಇ-ಟಿಎ ಇದ್ದರೂ ಒಳಗೆ ಬಿಡುವ ಕೊನೆಯ ಮಾತು ನೈರೋಬಿಯ ವಲಸೆ ಅಧಿಕಾರಿಯದು. ಎಷ್ಟು ದಿನ, ಎಲ್ಲಿ ವಾಸ, ಯಾವಾಗ ವಾಪಸ್ಸು ಎಂದು ಕೇಳಿದರೆ ಅರ್ಜಿಯಲ್ಲಿ ಬರೆದದ್ದನ್ನೇ ಹೇಳಿ.

ಸೆರೆಂಗೆಟಿಯೂ ಆಗಲಿ ಎನ್ನುವವರಿಗೆ

ಮಾರಾದ ಗಡಿಗೆ ಅಂಟಿಕೊಂಡೇ ತಾಂಜಾನಿಯಾದ ಸೆರೆಂಗೆಟಿ ಇದೆ. ವೈಲ್ಡ್‌ಬೀಸ್ಟ್ ಯಾವ ಕಾಗದವೂ ಇಲ್ಲದೆ ದಾಟುತ್ತದೆ, ಪ್ರವಾಸಿಗರು ಹಾಗೆ ದಾಟುವಂತಿಲ್ಲ. ಇಸೆಬಾನಿಯಾ ಅಥವಾ ನಮಂಗಾದಂಥ ಅಧಿಕೃತ ಗಡಿಠಾಣೆಗೆ ಸುತ್ತಿ ಹೋಗಬೇಕು, ತಾಂಜಾನಿಯಾದ ವೀಸಾ ಬೇರೆಯೇ ಮಾಡಿಸಬೇಕು. ಕೆನ್ಯಾ, ಉಗಾಂಡಾ, ರುವಾಂಡಾ ಮೂರಕ್ಕೂ ಸೇರಿ 100 ಡಾಲರಿನ ಪೂರ್ವ ಆಫ್ರಿಕಾ ಪ್ರವಾಸಿ ವೀಸಾ ಎಂಬುದೊಂದಿದೆ. ಅದರಲ್ಲಿ ತಾಂಜಾನಿಯಾ ಸೇರಿಲ್ಲ.

ಖರ್ಚಿನ ಲೆಕ್ಕ ಹಾಕುವವರು ಇ-ಟಿಎಯ 30 ಡಾಲರಿಗೆ ಏಜೆಂಟರ ಜೊತೆ ಚೌಕಾಶಿ ಮಾಡುವ ಬದಲು ಉದ್ಯಾನದ ಪ್ರವೇಶ ಶುಲ್ಕದತ್ತ ನೋಡಲಿ. 2024ರಲ್ಲಿ ಜಾರಿಗೆ ಬಂದ ದರದಂತೆ ಮಸಾಯಿ ಮಾರಾದಲ್ಲಿ ವಿದೇಶಿ ವಯಸ್ಕರಿಗೆ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈನಿಂದ ಡಿಸೆಂಬರ್‌ವರೆಗೆ 200. ಪ್ಯಾಕೇಜಿನಲ್ಲಿ ಇದು ಸೇರಿದೆಯೇ ಎಂದು ಬರಹದಲ್ಲಿ ಕೇಳಿ ಪಡೆಯಿರಿ.

ಫೋಟೊ ತೆಗೆಯುವವರಿಗೆ ಎರಡು ಮಾತು. ಕೆನ್ಯಾದ ವಿಮಾನಯಾನ ಪ್ರಾಧಿಕಾರದ ಮುಂಗಡ ಅನುಮತಿ ಇಲ್ಲದೆ ಡ್ರೋನ್ ಒಯ್ದರೆ ವಿಮಾನ ನಿಲ್ದಾಣದಲ್ಲೇ ಇಟ್ಟುಕೊಳ್ಳುತ್ತಾರೆ. ನೈರೋಬಿಯ ವಿಲ್ಸನ್ ನಿಲ್ದಾಣದಿಂದ ಮಾರಾಕ್ಕೆ ಹಾರುವ ಪುಟ್ಟ ವಿಮಾನಗಳಲ್ಲಿ ಕೈಚೀಲವೂ ಸೇರಿ ಸಾಮಾನ್ಯವಾಗಿ 15 ಕಿಲೊ ಸಾಮಾನಿಗೆ ಮಾತ್ರ ಅವಕಾಶ. ದೊಡ್ಡ ಲೆನ್ಸ್, ಟ್ರೈಪಾಡ್ ಇಟ್ಟ ಮೇಲೆ ಬಟ್ಟೆಗೆ ಜಾಗ ಉಳಿಯುವುದು ಅಷ್ಟಕ್ಕಷ್ಟೆ.

ಕೊನೆಯದಾಗಿ, ಪ್ಲಾಸ್ಟಿಕ್ ಕ್ಯಾರಿಬ್ಯಾಗ್‌ಗಳನ್ನು ಕೆನ್ಯಾ 2017ರ ಆಗಸ್ಟ್‌ನಿಂದಲೇ ನಿಷೇಧಿಸಿದೆ. ಡ್ಯೂಟಿ ಫ್ರೀ ಅಂಗಡಿಯಲ್ಲಿ ಕೊಡುವ ಚೀಲಕ್ಕೂ ವಿನಾಯಿತಿ ಇಲ್ಲ. ಸೂಟ್‌ಕೇಸ್ ಮುಚ್ಚುವ ಮುನ್ನ ಚಪ್ಪಲಿ, ಚಟ್ನಿಪುಡಿ ಸುತ್ತಿಟ್ಟ ಕ್ಯಾರಿಬ್ಯಾಗ್‌ಗಳನ್ನು ತೆಗೆದು ಬಟ್ಟೆ ಚೀಲಕ್ಕೆ ಹಾಕಿಕೊಳ್ಳಿ.