ಪರದೇಶದ ವಿದ್ಯಾರ್ಥಿ: ದಿನಚರಿ ಮತ್ತು ಆರೋಗ್ಯ

ಊಟ ಬಲ್ಲವನಿಗೆ ರೋಗವಿಲ್ಲವೆಂಬುದು ಹಿರಿಯರ ಮಾತು. ತಾಯಿಯ ಅಡಿಗೆಯನ್ನು ಬಿಟ್ಟು ಪರದೇಶಕ್ಕೆ ಓದಲು ಹೋದ ಮಕ್ಕಳಿಗೆ ಇದು ಇನ್ನೂ ಹೆಚ್ಚಾಗಿ ಸಲ್ಲುತ್ತದೆ.

ಡಾ. ಯು. ಆರ್. ಅನಂತಮೂರ್ತಿಯವರು 1966ರಲ್ಲಿ ಡಾಕ್ಟರೇಟ್ ಪಡೆದ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರವನ್ನೇ ನಿದರ್ಶನವಾಗಿ ನೋಡಬಹುದು. ಡಿಸೆಂಬರಿನಲ್ಲಿ ಬಾಲಾನಗರದಲ್ಲಿ ರಾತ್ರಿ ಒಂಬತ್ತೂವರೆಯಾದಾಗ ಅಲ್ಲಿ ಸಂಜೆ ನಾಲ್ಕು; ಸೂರ್ಯನು ಆಗಲೇ ಅಸ್ತಮಿಸಿರುತ್ತಾನೆ. ಚಳಿಗಾಲದ ಆ ಬಿಸಿಲು ಚರ್ಮದಲ್ಲಿ ಡಿ ಜೀವಸತ್ವವನ್ನು ಉತ್ಪತ್ತಿ ಮಾಡುವಷ್ಟು ಪ್ರಖರವಲ್ಲ. ಆದುದರಿಂದ ಆ ತಿಂಗಳುಗಳಲ್ಲಿ ದಿನಕ್ಕೆ 10 ಮೈಕ್ರೋಗ್ರಾಂ ಡಿ ಜೀವಸತ್ವದ ಮಾತ್ರೆ ಸೇವಿಸುವುದು ಒಳಿತೆಂದು ಅಲ್ಲಿನ ಆರೋಗ್ಯ ಸೇವೆಯ ಸಲಹೆ. ಭಾರತೀಯರ ಮೈಬಣ್ಣದವರಿಗೆ ವರ್ಷವಿಡೀ ಇದರ ಅವಶ್ಯಕತೆ ಇರಬಹುದು.

ಪದವಿ ವಿದ್ಯಾರ್ಥಿಗಳು ಪಾಠದ ದಿನಗಳಲ್ಲಿ ವಾರಕ್ಕೆ 20 ಗಂಟೆ ದುಡಿಯಲು ಅಲ್ಲಿ ಅನುಮತಿಯುಂಟು. ಬಾಡಿಗೆಗಾಗಿ ರಾತ್ರಿ ಪಾಳಿಯಲ್ಲಿ ದುಡಿದು, ಒಣ ಬ್ರೆಡ್ಡು ತಿಂದು, ನಾಲ್ಕು ಗಂಟೆ ಮಲಗಿ ತರಗತಿಗೆ ಹೋಗುವುದು ಬಂಡವಾಳವನ್ನೇ ಕರಗಿಸಿದಂತೆ. ಏಳು ಗಂಟೆಯ ನಿದ್ರೆ, ಅನ್ನ, ಬೇಳೆ, ತರಕಾರಿ ಇವು ವಿಲಾಸವಲ್ಲ.

ಮನೆಯವರಿಗೆ ಚಿಂತೆಯಾದೀತೆಂದೂ ಖರ್ಚಾದೀತೆಂದೂ ಜ್ವರವನ್ನು ಮುಚ್ಚಿಡುವ ಮಕ್ಕಳುಂಟು. ವಾಸ್ತವವಾಗಿ ವೀಸಾದೊಡನೆಯೇ ಆರೋಗ್ಯ ಶುಲ್ಕವನ್ನು ಕಟ್ಟಿರುತ್ತಾರೆ. 2024ರ ಫೆಬ್ರವರಿಯಲ್ಲಿ ಇದನ್ನು ವಿದ್ಯಾರ್ಥಿಗಳಿಗೆ ವರ್ಷಕ್ಕೆ 776 ಪೌಂಡಿಗೆ ಏರಿಸಲಾಯಿತು. ಸಮೀಪದ ವೈದ್ಯರಲ್ಲಿ ಹೆಸರು ನೋಂದಾಯಿಸಿದರೆ ಅವರನ್ನು ಕಾಣಲು ಬೇರೆ ಹಣ ಕೊಡಬೇಕಿಲ್ಲ.

ಆದಕಾರಣ ರಾತ್ರಿ ಫೋನಿನಲ್ಲಿ ತಾಯಿತಂದೆಯರು ಅಂಕಗಳ ವಿಚಾರವನ್ನು ನಂತರಕ್ಕಿಡಲಿ. ಉಂಡೆಯಾ, ಮಲಗಿದೆಯಾ, ವೈದ್ಯರಲ್ಲಿ ಹೆಸರು ಬರೆಸಿದೆಯಾ ಎಂದು ಮೊದಲು ಕೇಳಲಿ. ವಿದ್ಯೆಗಾಗಿ ಮಾಡಿದ ಸಾಲವನ್ನು ತೀರಿಸಬೇಕಾದುದು ಆ ದೇಹವೇ ಅಲ್ಲವೇ?