ಅಡುಗೆಮನೆಯ ಗಾಳಿ ಶುದ್ಧವಾಗಲಿ
(ಈ ತಿಂಗಳ ಸಂಘದ ಸಭೆಗೆ ಪಾಠ)



ಕುಡಿಯುವ ನೀರನ್ನು ಸೋಸಿ, ಕುದಿಸಿ ಕುಡಿಯುತ್ತೇವೆ. ಉಸಿರಾಡುವ ಗಾಳಿಯನ್ನು? "ಒಲೆ ಅಂದ ಮೇಲೆ ಹೊಗೆ ಇರೋದೇ ಅಲ್ವಾ" ಅಂತ ಸುಮ್ಮನಾಗುತ್ತೇವೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಗ್ಯಾಸ್ ಬಂದ ಮನೆಗಳಲ್ಲೂ ಅನ್ನಕ್ಕೆ, ಸ್ನಾನದ ನೀರಿಗೆ ಸೌದೆ ಉರಿಸುವುದು ನಿಂತಿಲ್ಲ.

ಪೇಟೆಯಲ್ಲಿ ಗಾಳಿ ಶುದ್ಧ ಮಾಡುವ ಯಂತ್ರ ಸಿಗುತ್ತದೆ. ಅದರ ಫಿಲ್ಟರ್ ಧೂಳು, ಹೊಗೆಯ ಕಣಗಳನ್ನು ಹಿಡಿಯುತ್ತದೆ. ಆದರೆ ಬೆಂಕಿಯಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲವನ್ನು ಹಿಡಿಯಲಾರದು. ಆದ್ದರಿಂದ ಒಲೆಯ ಮನೆಗೆ ಹೊಗೆ ಕೊಳವೆಯೇ ಸರಿಯಾದ ಸಾಧನ; ಹೊಗೆ, ವಿಷಾನಿಲ ಎರಡನ್ನೂ ಹೊರಗೆ ಸಾಗಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ ಇಂಥದ್ದೇ.

ಕೂರಿಸುವಾಗ
1. ತರಬೇತಿ ಪಡೆದವರಿಂದಲೇ ಒಲೆ ಕಟ್ಟಿಸಿ. ಪಾತ್ರೆಗಳನ್ನು ಮೊದಲೇ ಕೊಟ್ಟು, ಅವುಗಳ ಅಳತೆಗೇ ಒಲೆಯ ಬಾಯಿ ಮಾಡಿಸಿ.
2. ಕೊಳವೆ ಮಾಡಿನಿಂದ ಎರಡು ಮೂರು ಅಡಿ ಮೇಲಿರಲಿ. ಮಳೆ ನೀರು ಇಳಿಯದಂತೆ ಟೋಪಿ ಇರಲಿ.
3. ಹುಲ್ಲು, ಸೋಗೆಯ ಮಾಡಿಗೆ ಬಿಸಿ ಕೊಳವೆ ತಾಗಬಾರದು.

ಬಳಸುವಾಗ
1. ಒಣಗಿದ, ಸಣ್ಣಗೆ ಸೀಳಿದ ಸೌದೆ ಹಾಕಿ. ಹಸಿ ಸೌದೆ ಹೊಗೆಯ ತಾಯಿ.
2. ಪಾತ್ರೆ ಇಡದ ಬಾಯಿಯನ್ನು ಮುಚ್ಚಿಡಿ. ಇಲ್ಲವಾದರೆ ಹೊಗೆ ಕೊಳವೆಗೆ ಹೋಗದೆ ಮನೆ ತುಂಬುತ್ತದೆ.
3. ಕೊಳವೆ ಇದ್ದರೂ ಕಿಟಕಿ ತೆರೆದಿರಲಿ.

ಶುಚಿ ಮಾಡುವಾಗ
1. ದಿನಾ ಬೂದಿ ತೆಗೆಯಿರಿ.
2. ತಿಂಗಳಿಗೊಮ್ಮೆಯಾದರೂ ಒಲೆ ಪೂರ್ತಿ ಆರಿದ ಮೇಲೆ, ಗಳದ ತುದಿಗೆ ಗೋಣಿ ತುಂಡು ಕಟ್ಟಿ ಕೊಳವೆಯ ಮಸಿ ಉಜ್ಜಿ ತೆಗೆಯಿರಿ. ಮೂಗು, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ.
3. ಒಲೆಯ ಬಿರುಕಿಗೆ ಮಣ್ಣು ಮೆತ್ತಿ.

ಹೊಗೆ ಒಲೆ ಬಾಯಿಂದ ವಾಪಸ್ ಬರುತ್ತಿದೆಯೇ? ಕೊಳವೆ ಕಟ್ಟಿದೆ ಎಂದೇ ತಿಳಿಯಿರಿ. "ಈ ಒಲೆ ಸರಿ ಇಲ್ಲ" ಅಂತ ಒಡೆದು ಹಾಕುವ ಮೊದಲು ಮಸಿ ತೆಗೆದು ನೋಡಿ.

ಬಾಣಂತಿ ಕೋಣೆ
ತಾಯಿ ಮಗುವಿಗೆ ಬೆಚ್ಚಗಿರಲಿ ಎಂದು ಕಿಟಕಿ ಬಾಗಿಲು ಮುಚ್ಚಿ ಕೆಂಡದ ಅಗ್ಗಿಷ್ಟಿಕೆ ಇಡುವುದು ನಮ್ಮಲ್ಲಿ ರೂಢಿ. ಇದು ಬಹಳ ಅಪಾಯ. ಹೊಗೆ ಕಾಣದಿದ್ದರೂ ಕೆಂಡದಿಂದ ವಿಷಾನಿಲ ಬರುತ್ತಲೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳದೇ ಹೋಗಬಹುದು. ತಲೆನೋವು, ತಲೆಸುತ್ತು, ವಾಂತಿ ಕಂಡರೆ ಕೂಡಲೇ ಹೊರಗೆ ಕರೆತಂದು ಆಸ್ಪತ್ರೆಗೆ ಸೇರಿಸಿ. ಬೆಚ್ಚಗಿಡಲು ಕಂಬಳಿ, ಟೋಪಿ, ತಾಯಿಯ ಮೈ ಶಾಖ ಸಾಕು.

ಚರ್ಚಿಸೋಣ
1. ನಮ್ಮ ಸಂಘದಲ್ಲಿ ಎಷ್ಟು ಮನೆಗೆ ಹೊಗೆ ಕೊಳವೆ ಇದೆ? ಕೊನೆಯ ಸಲ ಮಸಿ ತೆಗೆದದ್ದು ಯಾವಾಗ?
2. ಕೊಳವೆ ಇಲ್ಲದವರಿಗೆ ಸಂಘದ ಉಳಿತಾಯದಿಂದ ಸಾಲ ಕೊಡಬಹುದೇ?
3. ಊರಿನಲ್ಲಿ ಈಗ ಬಾಣಂತಿ ಇರುವ ಮನೆ ಯಾವುದು? ಈ ವಾರ ಅಲ್ಲಿಗೆ ಹೋಗಿ ಹೇಳಿ ಬರುವವರು ಯಾರು? ಹೆಸರನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ.